ಅತ್ತೆಯ ಸುದ್ದಿಗೆ ಮೂರು ದಾರಿ

ನನ್ನ ಸೋದರತ್ತೆ ಮೊಬೈಲ್ ಕಂಪನಿಗಳಿಗೇ ಬುದ್ಧಿ ಹೇಳಬಲ್ಲಳು ಎಂದರೆ ನೀವು ನಗುತ್ತೀರಿ. ನಗಿ! ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ಕರೆನ್ಸಿ ಹಾಕುವ ಅಂಗಡಿ ಇಟ್ಟುಕೊಂಡ ನಾನೂ ನಕ್ಕವನೇ.

ಅಕ್ಕೂರಿನಲ್ಲಿ ರೇಷ್ಮೆಹುಳು ಸಾಕುವ ಅವಳಿಗೆ ಮೊದಲ ಮೊಬೈಲ್ ಕೊಡಿಸಿದವನು ನಾನು. "ಬರ್ತಾ ಒಸಿ ಸಕ್ಕರೆ ತತ್ತಾ" ಎಂದು ಫೋನ್ ಮಾಡುತ್ತಾಳೆ. ಆಯಿತು ಎಂದು ಫೋನಿಟ್ಟರೆ ಅಕ್ಕೂರಿನ ಬಸ್ಸಿನ ಕಂಡಕ್ಟರ್ ಹಾಜರು: "ನಿಮ್ಮತ್ತೆಗೆ ಸಕ್ಕರೆ ಬೇಕಂತೆ." ಅವನು ಬೆನ್ನು ತಿರುಗಿಸುವಷ್ಟರಲ್ಲಿ ಹಾಲಿನ ವ್ಯಾನಿನವನ ಹಾರನ್: "ಅಣ್ಣೋ, ಸಕ್ಕರೆ!" ಒಮ್ಮೆ ಇಬ್ಬರಿಗೂ ಮರುಕ ಹುಟ್ಟಿ ತಾವೇ ಕೊಂಡೊಯ್ದರು, ನಾನೂ ಒಯ್ದೆ. ಅತ್ತೆ ನಾಚಿಕೊಂಡಳೇ? ಎಲ್ಲರನ್ನೂ ಕೂರಿಸಿ ಪಾಯಸ ಬಡಿಸಿದಳು!

"ಫೋನ್ ಮಾಡಿದ್ ಮೇಲೆ ಮುಗೀತಲ್ಲ ಅತ್ತೆ? ನನ್ ಅಂಗಡಿ ಮಾನ ತೆಗೀತೀಯ!"

"ನಿನ್ ಫೋನು ಚೆಂದಾಗೈತೆ ಕಣ್ಲಾ. ಅದೊಂದ್ನೇ ನೆಚ್ಕಂಡು ಕೂರಕಾಯ್ತದಾ?"

ಒಂದು ಬೆಳಿಗ್ಗೆ ಬಿರುಗಾಳಿ, ಮಳೆ. ಕರೆಂಟು ಹೋಯಿತು, ಟವರೂ ಮಲಗಿತು. ಪೇಟೆಯ ಜನವೆಲ್ಲ ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತ ನನ್ನನ್ನು ಬೈಯತೊಡಗಿದರು, ಟವರಿನ ಪ್ಲಗ್ಗು ಕಿತ್ತವನು ನಾನೇ ಎಂಬಂತೆ! ಅಷ್ಟರಲ್ಲಿ ಕಂಡಕ್ಟರ್ ಓಡಿಬಂದ.

"ಹುಳ ಎಲ್ಲಾ ಒಂದೇ ಸಲಕ್ಕೆ ಹಣ್ಣಾಗ್ಬುಟ್ಟವಂತೆ! ಚಂದ್ರಿಕೆ ಸಾಲಲ್ವಂತೆ, ಆಳೂ ಇಲ್ವಂತೆ!"

ಹಣ್ಣಾದ ಹುಳುಗಳನ್ನು ತಡಮಾಡದೆ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಬೆಳೆ ಕೈತಪ್ಪಿದಂತೆಯೇ. ಶಟರ್ ಎಳೆದೆ. ಬಾಡಿಗೆ ಚಂದ್ರಿಕೆಗಳನ್ನು ಟೆಂಪೋಗೆ ಹೇರಿಕೊಂಡು ಹೋದರೆ, ಹಾಲಿನ ವ್ಯಾನಿನವನು ಪಕ್ಕದೂರಿನಿಂದ ಅತ್ತೆಯ ನಾದಿನಿಯರನ್ನು ಆಗಲೇ ತಂದಿಳಿಸಿದ್ದ. ಎಲ್ಲರೂ ಕೂತು ಆರಿಸಿದೆವು. ಸಂಜೆಯೊಳಗೆ ಬೆಳೆ ಉಳಿಯಿತು. ನನ್ನ ಜೇಬಿನ ಮೊಬೈಲ್ ಇನ್ನೂ ಸತ್ತೇ ಇತ್ತು.

"ಸೋತೆ ಅತ್ತೆ. ನೀನೇ ಒಂದು ಟವರ್! ಇದನ್ನೆಲ್ಲ ಯಾರು ಕಲಿಸಿದ್ರು ನಿಂಗೆ?"

ನಗುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ನಿಮ್ಮಜ್ಜಿ ತೀರ್ಕಂಡಾಗ ಒಬ್ಬನ್ ಕೈಲೇ ಹೇಳ್ಕಳ್ಸಿದ್ರು ಕಣಪ್ಪ. ಅವನ್ ಬಸ್ಸು ದಾರೀಲಿ ಕೆಟ್ಟು ನಿಂತೋಯ್ತು. ನಾನ್ ಬರೋ ಹೊತ್ಗೆ ಮಣ್ಣು ಮಾಡ್ಬುಟ್ಟಿದ್ರು. ನಮ್ಮವ್ವನ ಮೊಕ ನೋಡ್ನಿಲ್ಲ."

ಇಷ್ಟು ವರ್ಷ ಇವಳನ್ನು ನೋಡಿ ನಕ್ಕಿದ್ದೆನಲ್ಲ!

ಮರುದಿನ ಸಿಗ್ನಲ್ ಬಂದ ಕೂಡಲೇ, ಕ್ಷೇಮವಾಗಿ ಮನೆ ಸೇರಿದೆ ಎಂದು ಅತ್ತೆಗೆ ಫೋನ್ ಮಾಡಿದೆ. ಆಮೇಲೆ ಅಂಗಡಿಯಿಂದಿಳಿದು ಅಕ್ಕೂರಿನ ಬಸ್ಸಿನ ಹತ್ತಿರ ಹೋದೆ.

"ನಮ್ಮತ್ತೆಗೆ ಒಂದ್ ಮಾತು ಹೇಳ್ಬುಡಣ್ಣ, ನಾನು ಮನೆ ಸೇರ್ಕಂಡೆ ಅಂತ."

ಕಂಡಕ್ಟರ್ ತಲೆಯಾಡಿಸಿ ಸೀಟಿ ಊದಿದ. ನಾನು ಹಾಲಿನ ವ್ಯಾನ್ ಕಾಯುತ್ತ ಅಲ್ಲೇ ನಿಂತೆ.