ಕರ್ತನು ತಡಮಾಡಿದರೆ ಶನಿವಾರ

ನನ್ನ ದಡ್ಡತನವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾವನ ಸರದಿ. ದೇಶದ ಮೊದಲ ಚುನಾವಣೆಯಲ್ಲಿ ವೋಟು ಹಾಕಿ ಬಂದ ನಾನು ಬೆರಳಿನ ಮಸಿಯನ್ನು ಹುಣಸೆಹಣ್ಣು, ಸೀಮೆಎಣ್ಣೆ, ಕೊನೆಗೆ ಇಟ್ಟಂಗಿ ಪುಡಿ ಹಾಕಿ ತಿಕ್ಕಿದೆ. ತೊಗಲು ಹೋಯಿತು, ಮಸಿ ಹೋಗಲಿಲ್ಲ! ಸ್ಟೇಷನ್ ಮಾಸ್ತರರಿಂದ ಹಿಡಿದು ಚರ್ಚಿನ ಸಭಾಪಾಲಕರವರೆಗೆ ಯಾದಗಿರಿಯಲ್ಲಿ ಒಬ್ಬರನ್ನೂ ಅಣಕಿಸದೆ ಬಿಡದ ಈ ಮಹಾಶಯ ಹೆದರಿದ್ದು ಯಾರಿಗೆ? ಒಬ್ಬ ದರ್ಜಿಗೆ. ನನ್ನ ಸೋದರಮಾವನಿಗೆ!

ಲೋಕದ ಅಂತ್ಯ ಎಂಬ ರೈಲು ಎಲ್ಲಿಂದಲೇ ಹೊರಡಲಿ, ಮೊದಲು ನಿಲ್ಲುವುದು ಯಾದಗಿರಿಯಲ್ಲೇ ಎಂದು ಮಾವ ನಂಬಿದ್ದ. ಸತ್ಯವೇದದಲ್ಲಿ ನಾವೆಲ್ಲ ಕರ್ತನಾದ ಯೇಸುವಿನ ಉಪದೇಶ ಓದಿದರೆ ಅವನು ನೇರವಾಗಿ ಕಡೇ ದಿನದ ಮೃಗ, ಕೊಂಬು, ತುತ್ತೂರಿಗಳಿರುವ ಪುಟಗಳಿಗೇ ಹೋಗುತ್ತಿದ್ದ. ನಿಜಾಮರ ರಾಜ್ಯ ಬಿದ್ದದ್ದೇ ತಡ, ಒಂದು ಮೃಗ ಹೋಯಿತು, ಇನ್ನು ಉಳಿದವುಗಳ ಸರದಿ ಎಂದು ಹೊಲಿಗೆ ಯಂತ್ರದ ಮುಂದೆ ಕುಳಿತೇ ಸಾರಿದ. ಬೇರೆ ದರ್ಜಿಗಳು ಅಂಗಿ ತಡವಾದರೆ ಹೆಂಡತಿಗೆ ಜ್ವರ ಎನ್ನುತ್ತಿದ್ದರು. ಮಾವನ ಮಾತೇ ಬೇರೆ:

“ಕರ್ತ ಇವತ್ತ ಬಂದ್ರ ನಿಮಗ ಅಂಗಿ ಬೇಕಾಗಂಗಿಲ್ರಿ. ತಡಾ ಮಾಡಿದ್ರ ಶನಿವಾರ ಬರ್ರಿ.”

ಸಭಾಪಾಲಕರು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ಬುದ್ಧಿ ಹೇಳಿದರು. (ಅವರ ಮೂಗಿನ ದನಿ ನನ್ನ ಬಾಯಲ್ಲಿ ಅವರಿಗಿಂತ ಚೆನ್ನಾಗಿ ಬರುತ್ತದೆ, ಬರೆಹದಲ್ಲಿ ಬರುವುದಿಲ್ಲ, ನಿಮ್ಮ ಪುಣ್ಯ.)

“ಪ್ರವಾದನೆ ಕೊಟ್ಟಿದ್ದು ದಿನಾ ಎಣಿಸಾಕಲ್ಲಪಾ. ಹೆದರಸಾಕಂತೂ ಅಲ್ಲ. ದೀಪಾ ಹಚ್ಚಿಟ್ಕೊಂಡು ನಂಬಿಕಿಲೆ ಕಾಯಾಕ.”

“ಖರೇರಿ ಅಯ್ಯನವರ. ಆದ್ರ ಎಷ್ಟು ದಿನ ಕಾಯಬೇಕು ಅಂತ ತಿಳೀದಿದ್ರ ಎಣ್ಣಿ ಎಷ್ಟು ತರಬೇಕ್ರಿ?”

ಸಭಾಪಾಲಕರು ಕೊಡೆ ಬಿಚ್ಚಿಕೊಂಡು ಮನೆಗೆ ಹೋದರು. ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ!

ಇದೆಲ್ಲ ಬರೀ ತಮಾಷೆಯಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಇದ್ದದ್ದು ಮಾವ, ಯಂತ್ರ ಮತ್ತು ಮದುವೆಗೆ ಬಂದ ಒಬ್ಬಳೇ ಮಗಳು. ನನಗಿಂತ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಕರ್ತನು ಬಾಗಿಲಲ್ಲೇ ನಿಂತಿರುವಾಗ ಮದುವೆ ಯಾತಕ್ಕೆ ಎಂಬುದು ಮಾವನ ವಾದ.

ಶಹಾಪುರದಿಂದ ಮೊದಲ ವರನ ಕಡೆಯವರು ಬಂದರು. ಮಾತು ಕೂಡಿಬಂತು. ಮಾವ ಅಕ್ಕನ ಮದುವೆಗೆಂದು ಕುಬಸ ಹೊಲಿಯಲು ಬಿಳಿ ರೇಷ್ಮೆಯನ್ನೂ ಕತ್ತರಿಸಿದ. ಅಷ್ಟರಲ್ಲಿ ಸರಕಾರಿ ಕಚೇರಿಯ ಗೋಡೆಗೆ ಸುಣ್ಣ ಬಳಿದು, ಉರ್ದು ಇದ್ದಲ್ಲಿ ಕನ್ನಡ ಬರೆಯತೊಡಗಿದರು. ಸತ್ಯವೇದದಲ್ಲಿ ಬಾಬೆಲಿನ ಅರಸನಿಗೆ ನಿನ್ನ ರಾಜ್ಯ ಮುಗಿಯಿತೆಂದು ಗೋಡೆಯ ಮೇಲೆ ಕೈಯೊಂದು ಬರೆದು ತೋರಿಸಲಿಲ್ಲವೇ? ಮದುವೆಯ ದಿನ ಗೊತ್ತುಮಾಡಲು ಬಂದಿದ್ದ ಬೀಗರನ್ನು ಮಾವ ಊಟದಿಂದ ಎಬ್ಬಿಸಿಕೊಂಡು ಹೋಗಿ ಆ ಗೋಡೆಯ ಮುಂದೆ ನಿಲ್ಲಿಸಿದ. ಏಣಿಯ ಮೇಲಿದ್ದ ಪೇಂಟರನನ್ನು ನಡುಗುವ ದನಿಯಲ್ಲಿ ಕೇಳಿದ:

“ಏನ್ ಬರ್ಯಾಕತ್ತೀಯಪಾ? ಯಾರ ರಾಜ್ಯ ಮುಗೀತು?”

“ಯಾರ್ದೂ ಇಲ್ರಿ ಸಾಹೇಬ್ರ. ಇಲ್ಲಿ ಉಗುಳಬಾರದು ಅಂತ ಬರ್ಯಾಕತ್ತೇನಿ.”

ಬೀಗರು ಆ ಸಂಜೆಯ ಬಸ್ಸಿಗೇ ಶಹಾಪುರಕ್ಕೆ ಹೊರಟುಹೋದರು. ಕತ್ತರಿಸಿದ ಕುಬಸ ಯಂತ್ರದ ಖಾನೆ ಸೇರಿತು.

ಮುಂದೆ ಚುನಾವಣೆ ಬಂತು. ಕೈಯ ಮೇಲೆ ಮೃಗದ ಗುರುತು ಹಾಕಿಸಿಕೊಂಡವರ ಗತಿ ಏನಾಗುತ್ತದೆ ಎಂದು ಮಾವ ಓದಿ ಹೇಳಿದಾಗ ನಾನು ಆಗಲೇ ಮಸಿ ಹಚ್ಚಿಸಿಕೊಂಡು ಬಂದಿದ್ದೆ. ಜೀವ ಉಳಿಸಿಕೊಳ್ಳಲು ವಾದ ಹೂಡಿದೆ:

“ಮಾವಾ, ಅಲ್ಲಿ ಬಲಗೈ ಅಂತ ಬರದಾದ. ಇದು ಎಡಗೈ!”

“ಹುಚ್ಚಪ್ಯಾಲಿ! ಮಸಿ ಹಚ್ಚಾಂವ ನಿನ್ನ ಎದುರಿಗೆ ಕುಂತಿದ್ನೋ ಇಲ್ಲೋ? ಅವನ ಕಡಿಯಿಂದ ನೋಡು, ಅದು ಬಲಕ್ಕ ಬರ್ತದ!”

ಇಟ್ಟಂಗಿ ಪುಡಿಯ ಹಿನ್ನೆಲೆ ಈಗ ತಿಳಿಯಿತಲ್ಲ?

ಅದೇ ವಾರ ಸುರಪುರದಿಂದ ಎರಡನೇ ಸಂಬಂಧ ಬಂತು. ಹುಡುಗ ದವಾಖಾನೆಯಲ್ಲಿ ಕಂಪೌಂಡರ್. ಅಕ್ಕ ಅವನನ್ನು ಬಾಗಿಲ ಸಂದಿಯಿಂದ ಒಮ್ಮೆ ನೋಡಿದವಳು ಮತ್ತೊಮ್ಮೆ ನೋಡಿದ್ದಳು. ಇದೂ ತಪ್ಪಿದರೆ ಆ ಮನೆಯ ಹೊಸ್ತಿಲಿಗೆ ಮತ್ಯಾರು ಬರುತ್ತಾರೆ? ಮಾವ ಮಾತ್ರ ನೀರು ಕೊಡುವ ಮೊದಲೇ ಶಾಲೆಯ ಮಾಸ್ತರನಂತೆ ಕೇಳಿಬಿಟ್ಟ:

“ಎಲ್ಲಾರೂ ಕೈ ತೋರಸ್ರಿ.”

ಒಬ್ಬೊಬ್ಬರದೂ ಮಸಿಯ ಬೆರಳು! ಹುಡುಗನ ತಂದೆ ಎದ್ದೇಬಿಟ್ಟರು.

“ಹೆಣ್ಣು ನೋಡಾಕ ಬಂದೇವೋ, ಉಗುರು ತೋರಸಾಕ ಬಂದೇವೋ? ನಡೀರಿ!”

ಅವರು ಒಂದು ಕಾಲಿಗೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಅಕ್ಕ ಚಹಾ ತಂದಳು. ತಟ್ಟೆ ಹಿಡಿದ ಎಡಗೈಯ ತೋರುಬೆರಳಿನಲ್ಲಿ ಮಸಿ! ಓಣಿಯ ಹೆಂಗಸರ ಜೊತೆ ತಾನೂ ಹೋಗಿ ವೋಟು ಹಾಕಿ ಬಂದಿದ್ದಳು, ನಮ್ಮ ಯಾರಿಗೂ ಗೊತ್ತಿರಲಿಲ್ಲ. ಈಗ ಮಾವ ಏನು ಮಾಡುತ್ತಾನೆ? ಮಗಳನ್ನು ಮೃಗಕ್ಕೆ ಬಿಟ್ಟುಕೊಡುತ್ತಾನೆಯೇ?

ಮಾವ ಆ ಬೆರಳನ್ನೇ ನೋಡಿದ. ಮೆಲ್ಲಗೆ ಕೇಳಿದ:

“ಹಚ್ಚುಮುಂದ ಉರೀತೇನವ್ವಾ?”

“ಇಲ್ಲಪಾ. ತಣ್ಣಗಿತ್ತು.”

ಅವನು ಖಾನೆ ಎಳೆದು, ಕತ್ತರಿಸಿಟ್ಟಿದ್ದ ಬಿಳಿ ರೇಷ್ಮೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸವರಿದ. ವರನ ಕಡೆಯವರು ಬಂದಾಗಲೇ ಈ ಮನೆಯಲ್ಲಿ ಲೋಕದ ಅಂತ್ಯ ಯಾಕೆ ಹತ್ತಿರವಾಗುತ್ತಿತ್ತೆಂದು ನನ್ನ ಮೊದ್ದು ತಲೆಗೆ ಆಗ ಹೊಳೆಯಿತು. ಊರನ್ನೆಲ್ಲ ಹೆದರಿಸಿದವನು ತೊಡೆಯ ಮೇಲಿನ ರೇಷ್ಮೆಗೆ ಹೇಳುವಂತೆ ಮಗಳನ್ನು ಕೇಳಿದ. ಆ ದನಿಯನ್ನು ನಾನು ಇವತ್ತಿಗೂ ಅಣಕಿಸಿಲ್ಲ.

“ನೀ ಸುರಪುರಕ್ಕ ಹೋದಿ ಅಂತಿಟ್ಕೋ. ತುತ್ತೂರಿ ಊದಿದ ದಿನಾ ಆ ಮಂದ್ಯಾಗ ನಿನ್ನ ಎಲ್ಲಿ ಹುಡಕ್ಲಿ?”

ಹುಡುಗನ ತಂದೆ ಮೆಟ್ಟಿದ್ದ ಒಂದು ಚಪ್ಪಲಿಯನ್ನೂ ಬಿಟ್ಟು ಒಳಗೆ ಬಂದು ಕುಳಿತರು. ಅಕ್ಕ ಎಲ್ಲರಿಗೂ ಚಹಾ ಕೊಟ್ಟು, ಖಾಲಿ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಪ್ಪನ ಮುಂದೆ ನಿಂತಳು.

“ಯಪ್ಪಾ, ಕರ್ತ ಹೋದ ಸಲ ಬಂದಾಗ ಕಾನಾ ಊರಾಗ ಮದುವಿ ಊಟಕ್ಕ ಹೋಗಿದ್ದ. ಈ ಸಲ ಬಂದ್ರೂ ಸೀದಾ ನಮ್ಮ ಹಂದರಕ್ಕೇ ಬರ್ತಾನ, ನೀ ನನ್ನ ಅಲ್ಲೇ ಹುಡುಕು. ಈಗ ಮೊದ್ಲ ಕುಬಸ ಹೊಲಿ.”