ತುಕ್ಕು ತಡೆಯುವ ಮಾತ್ರೆ

“ನೋಡ್ತಾ ಇರು, ಇವತ್ತು ಇತಿಹಾಸ ಸೃಷ್ಟಿ ಆಗುತ್ತೆ!” ಷೂ ಲೇಸು ಕಟ್ಟುತ್ತಾ ನಮ್ಮ ಔಷಧ ವಿಜ್ಞಾನಿಗಳು ಘೋಷಿಸಿದರು.

“ಆಗ್ಲಿ. ಮೊದಲು ಷೂ ಅದಲುಬದಲು ಮಾಡ್ಕೊಳ್ಳಿ,” ಎಂದಳು ಹೆಂಡತಿ. “ನೆಗಡಿ ಬೇರೆ ಇದೆ. ಈ ಬಾಟಲೀಲಿರೋದನ್ನ ಮರೀದೆ ಕುಡೀರಿ.”

“ಅಡುಗೆಮನೆಯೋರಿಗೆ ವಿಜ್ಞಾನದ ಗಾಂಭೀರ್ಯ ಎಲ್ಲಿ ಅರ್ಥ ಆಗ್ಬೇಕು!”

ವಿಷಯ ಇಷ್ಟೇ. ಕಬ್ಬಿಣದಂತೆ ದೇಹಕ್ಕೂ ಒಳಗೊಳಗೇ ತುಕ್ಕು ಹಿಡಿಯುತ್ತದಂತೆ. ಅದನ್ನು ತಡೆಯುವ ಆಂಟಿಆಕ್ಸಿಡೆಂಟ್ ಗುಣ ತಾವು ದಿನಾ ನುಂಗುವ ಬಿಪಿ ಮಾತ್ರೆಯಲ್ಲೇ ಇದೆ ಎಂಬುದು ಇವರ ಹಟ. ಮಾತ್ರೆ ಕರಗಿಸಿದ ನೀರನ್ನು ನೇರಳೆ ದ್ರಾವಣಕ್ಕೆ ಹಾಕಬೇಕು. ಹಳದಿಗೆ ತಿರುಗಿದರೆ ಗೆದ್ದಂತೆ! ಆದರೆ ಮೂರು ವರ್ಷದಿಂದ ಆ ನೇರಳೆ ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ. ಇವತ್ತೂ ಆಗದಿದ್ದರೆ ಪ್ರಯೋಗ ಬಂದ್ ಎಂದು ಡೈರೆಕ್ಟರ್ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು.

ಪ್ರಯೋಗಶಾಲೆಯಲ್ಲಿ ಮಾತ್ರೆ ಪುಡಿ ಮಾಡಿ, ಮೇಜಿನ ಮೇಲಿದ್ದ ಬಿಳಿ ಬಾಟಲಿಯಿಂದ ನೀರು ಬೆರೆಸಿ, ನೇರಳೆಗೆ ಸುರಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಬದಲು! ವಿಜ್ಞಾನಿಗಳು ಕುರ್ಚಿಯ ಮೇಲೆ ಹತ್ತಿ ಹೆಂಡತಿಗೆ ಫೋನ್ ಹಚ್ಚಿದರು.

“ಹಳದಿ ಕಣೇ! ಹಳದಿ!”

“ಅಯ್ಯೋ, ಕಾಮಾಲೆನಾ? ಮೊದಲು ಡಾಕ್ಟರ್ ಹತ್ರ ಹೋಗ್ರೀ!”

ಅಷ್ಟರಲ್ಲಿ ಡೈರೆಕ್ಟರ್ ಬಂದರು. “ಭಲೇ! ಮಾತ್ರೆ ಹಾಕದೆ ಬರೀ ನೀರು ಹಾಕಿದ್ರೆ ನೇರಳೆ ಹಾಗೇ ಇರುತ್ತೆ ತಾನೆ?”

“ಇರದೆ ಏನು ಮೇಡಂ! ನೀರಿಗೆಲ್ಲಿಂದ ಬರ್ಬೇಕು ಆ ತಾಕತ್ತು?” ಎಂದು ಇನ್ನೊಂದು ನೇರಳೆ ದ್ರಾವಣಕ್ಕೆ ಅದೇ ಬಾಟಲಿಯಿಂದ ಠೀವಿಯಾಗಿ ಸುರಿದರು.

ಮತ್ತೆ ಹಳದಿ!

ಮೇಡಂ ಬಾಟಲಿಯನ್ನು ಮೂಸಿದರು. “ಇದು ನಿಂಬೆಹಣ್ಣಿನ ಪಾನಕ ಕಣ್ರೀ! ನಿಂಬೆಯಲ್ಲೇ ಬೇಕಾದಷ್ಟು ಆಂಟಿಆಕ್ಸಿಡೆಂಟ್ ಇರುತ್ತಲ್ಲ!”

ನೆಗಡಿಯ ಮೂಗಿಗೆ ವಾಸನೆ ಎಲ್ಲಿ ತಿಳಿಯಬೇಕು? ಹೆಂಡತಿ ಕೊಟ್ಟ ಬಾಟಲಿ ಎಂದುಕೊಂಡು ಪ್ರಯೋಗದ ಶುದ್ಧ ನೀರನ್ನು ಬೆಳಗಿನಿಂದ ಗಟಗಟ ಕುಡಿದವರು ಇವರೇ! ದ್ರಾವಣದ ಬಣ್ಣ ಬದಲಾಯಿಸಲು ಹೋದವರ ಬಣ್ಣವೇ ಬಯಲಾಯಿತು. ಪ್ರಯೋಗಕ್ಕೆ ಅಲ್ಲಿಗೇ ಮಂಗಳ ಹಾಡಲಾಯಿತು.

ಸಂಜೆ ಮನೆಗೆ ಬಂದವರೇ ಗುಡುಗಿದರು. “ಮೂರು ವರ್ಷದ ಸಂಶೋಧನೆಗೆ ಹುಳಿ ಹಿಂಡಿಬಿಟ್ಟೆಯಲ್ಲೇ!”

“ನಾನು ಹಿಂಡಿದ್ದು ನಿಮ್ಮ ಗಂಟಲಿಗೆ. ಸಂಶೋಧನೆಗೆ ಸುರಿದೋರು ನೀವು!”

ವಿಜ್ಞಾನಿಗಳು ಸೋಫಾದಲ್ಲಿ ಕುಸಿದರು. “ಹೋಗ್ಲಿ ಬಿಡು. ಆ ಮಾತ್ರೆಗೆ ತುಕ್ಕು ತಡೆಯೋ ಗುಣ ಇಲ್ವೇ ಇಲ್ಲ ಅಂತ ಮೂರು ವರ್ಷದಲ್ಲಿ ಸಾಬೀತಾಯ್ತು.”

“ಅದಕ್ಕೆ ಪ್ರಯೋಗಶಾಲೆ ಯಾಕ್ರೀ ಬೇಕಿತ್ತು?” ಹೆಂಡತಿ ಮಾತ್ರೆ, ನೀರು ಎರಡನ್ನೂ ಮುಂದೆ ಹಿಡಿದಳು. “ದಿನಾ ಇದನ್ನ ನುಂಗೋ ನಿಮ್ಮ ತಲೆಯ ತುಕ್ಕು ನೋಡಿದಾಗ್ಲೇ ನಂಗೆ ಗೊತ್ತಾಗಿತ್ತು!”