ಭಾವನ ಜೀಪಿಗೆ ಗೀರು ಬೀಳಬಾರದು

ನಮ್ಮ ಭಾವನ ಹತ್ತಿರ ಬೆಟ್ಟ ಹತ್ತುವ, ಹೊಳೆ ದಾಟುವ, ಕೆಸರಿನಲ್ಲಿ ಹೂತರೂ ತಾನೇ ಎದ್ದು ಬರುವ ಒಂದು ಜೀಪು ಇದೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುತ್ತದಂತೆ. ಕೊಂಡ ಮೇಲೆ ಬಹುಕಾಲ ಅದು ಏರಿದ ಅತಿ ಎತ್ತರದ ಶಿಖರ ಯಾವುದು ಗೊತ್ತೇ? ನಮ್ಮ ಹೌಸಿಂಗ್ ಸೊಸೈಟಿ ಗೇಟಿನ ಸ್ಪೀಡ್ ಬ್ರೇಕರ್! ಅದನ್ನು ಏರುವ ಮೊದಲೂ ಭಾವ ಕೆಳಗಿಳಿದು, ಬಗ್ಗಿ, ಹೊಟ್ಟೆ ನೆಲಕ್ಕೆ ತಗಲುತ್ತದೆಯೇ ಎಂದು ನೋಡುತ್ತಿದ್ದರು. ಜೀಪಿನ ಹೊಟ್ಟೆ ಸ್ವಾಮಿ, ಅವರದ್ದಲ್ಲ. ಅವರದ್ದು ಸ್ಟಿಯರಿಂಗಿಗೆ ತಗಲಿ ಎಷ್ಟೋ ಕಾಲವಾಯಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೀಸೆ ಚಿಗುರುವ ಮೊದಲೇ ಉಡುಪಿ ಕಡೆಯಿಂದ ಮುಂಬಯಿಗೆ ಬಂದು, ಪರೇಲಿನಲ್ಲಿ ಹೋಟೆಲಿನ ಗಲ್ಲಾದ ಮೇಲೆ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವರು. ಮಿಲ್ಲುಗಳಿದ್ದಾಗ ಮಿಲ್ಲಿನವರಿಗೆ, ಮಿಲ್ಲು ಹೋಗಿ ಆಫೀಸುಗಳು ಬಂದಾಗ ಆಫೀಸಿನವರಿಗೆ ಇಡ್ಲಿ ಬಡಿಸಿದವರು. ಹೋಟೆಲಿಗೆ ರಜೆ ಇಲ್ಲ, ಹಾಗಾಗಿ ಅಕ್ಕನಿಗೂ ಇಲ್ಲ. ಸಾಂಬಾರಿನ ಪುಡಿ ಮನೆಯಿಂದ ಅವಳೇ ಹುರಿದು ಕಳಿಸಬೇಕು. ಬೇರೆಯವರು ಹುರಿದರೆ ಗಿರಾಕಿಗಳಿಗೆ ಗೊತ್ತಾಗುತ್ತದಂತೆ! ಇದಕ್ಕೆಲ್ಲ ಬದಲಾಗಿ ಮದುವೆಯಾದ ಲಾಗಾಯ್ತು ಅವಳಿಗೆ ಸಿಕ್ಕಿದ್ದು ಒಂದು ಮಾತು. "ಹೋಟೆಲು ಬಿಟ್ಟ ಮೇಲೆ ನಿನ್ನನ್ನು ಘಾಟಿ ಪೂರ್ತಿ ಸುತ್ತಿಸ್ತೇನೆ."

ಅಕ್ಕ ಪೂರ್ತಿ ಘಾಟಿ ಕೇಳಿದವಳಲ್ಲ. ಮಳೆಗಾಲದಲ್ಲಿ ಮಾಲ್ಶೇಜ್ ಘಾಟಿನ ಬಂಡೆಗಳಿಂದ ನೀರು ಇಳಿಯುತ್ತದಲ್ಲ, ಅದಕ್ಕೆ ಒಮ್ಮೆ ಕೈಯೊಡ್ಡಬೇಕು. ಅಷ್ಟೇ ಅವಳ ಆಸೆ. ಮೊಬೈಲಿನಲ್ಲಿ ಆ ವೀಡಿಯೊ ನೋಡಿ ನೋಡಿ ನನಗೂ ತೋರಿಸುತ್ತಿದ್ದಳು. ಕೊನೆಗೆ ಭಾವ ಹೋಟೆಲನ್ನು ಪಾಲುದಾರನಿಗೆ ಬಿಟ್ಟು ಜೀಪು ಕೊಂಡಾಗ ಅಕ್ಕನ ಮೊಣಕಾಲು ಸವೆಯತೊಡಗಿತ್ತು. "ತಿರುಗಾಡುವುದಿದ್ದರೆ ಈಗಲೇ ತಿರುಗಾಡಿ, ಆಮೇಲೆ ಹೇಳಲಾಗದು" ಎಂದು ಡಾಕ್ಟರು ಭಾವನ ಎದುರಿಗೇ ಹೇಳಿದ್ದರು. ಭಾವ ತಲೆಯಾಡಿಸಿದ್ದರು. ತಲೆಯಾಡಿಸುವುದಕ್ಕೆ ಪೆಟ್ರೋಲು ಬೇಡವಲ್ಲ!

ಇದಕ್ಕೆಲ್ಲ ನಾನೇ ಸಾಕ್ಷಿ. ಆಂಟಾಪ್ ಹಿಲ್‌ನ ಅದೇ ಸೊಸೈಟಿಯಲ್ಲಿ ಪಕ್ಕದ ಬಿಲ್ಡಿಂಗ್‌ನಲ್ಲಿ ಇರುವವಳು ನಾನು. ನನ್ನ ಅಡುಗೆಮನೆಯ ಕಿಟಕಿ ತೆರೆದರೆ ಜೀಪೇ ಕಾಣುತ್ತದೆ. ಪೂರ್ವಜನ್ಮದ ಪಾಪ.

ಮೊದಲ ದಿನವೇ ಲಕ್ಷಣ ಕಂಡಿತ್ತು. ಪೂಜೆಗೆ ಭಟ್ಟರು ಬಂದರು. ಅಕ್ಕ ಬಾನೆಟ್ಟಿಗೆ ಕುಂಕುಮ ಇಡಲು ಕೈ ಚಾಚಿದಳೋ ಇಲ್ಲವೋ, ಭಾವ ಅಡ್ಡ ಹಾರಿದರು. "ಕುಂಕುಮದಲ್ಲಿ ಸುಣ್ಣ ಉಂಟು, ಪೇಂಟ್ ತಿಂತದೆ! ಗಾಜಿಗೆ ಹಚ್ಚು!" ಸರಿ, ಗಾಜಿಗೆ ಹಚ್ಚಿದ್ದಾಯಿತು. ತೆಂಗಿನಕಾಯಿಯನ್ನು ಗೇಟಿನ ಆಚೆ ರಸ್ತೆಯಲ್ಲಿ ಒಡೆದದ್ದಾಯಿತು. ಆಮೇಲೆ ಭಟ್ಟರು ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದರು.

"ಭಟ್ರೇ, ಲಿಂಬೆಹುಳಿ ಅಂದ್ರೆ ಆಸಿಡ್. ಒಳಗೆ ಹಾರಿದ್ರೆ ಕಬ್ಬಿಣದ ಗತಿ ಎಂತ?"

"ಹಾಗಾದ್ರೆ ಎಂತ ಇಡುದು ಮಾರಾಯ್ರೆ? ಚಿಕ್ಕು ಇಡುದಾ?"

ಭಾವ ಮನೆಗೆ ಓಡಿ ತೊಳೆದಿಟ್ಟ ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳನ್ನು ತಂದರು. ಒಂದೊಂದು ನಿಂಬೆಯನ್ನು ಒಂದೊಂದು ತೊಟ್ಟೆಗೆ ಹಾಕಿ, ಬಾಯಿ ಬಿಗಿದು, ಚಕ್ರದಡಿ ಇಟ್ಟರು. ಜೀಪು ಮುಂದೆ ಹೋಯಿತು, ಟಪ್ ಟಪ್ ಎಂದಿತು, ಒಂದು ಹನಿ ರಸವೂ ಹೊರಗೆ ಬರಲಿಲ್ಲ. ಭಟ್ಟರು ಅಕ್ಕನ ಕಡೆ ತಿರುಗಿ ತಣ್ಣಗೆ ಹೇಳಿದರು: "ದೃಷ್ಟಿ ಹೋಯ್ತಾ ಇಲ್ವಾ ನಂಗೆ ಗೊತ್ತಿಲ್ಲ ಅಮ್ಮ. ಪ್ಯಾಕಿಂಗ್ ಮಾತ್ರ ಲಾಯ್ಕ ಆಗಿದೆ."

ಆಮೇಲೆ ಜೀಪಿಗೆ ಉಡುಪು ತೊಡಿಸುವ ಕೆಲಸ ಶುರುವಾಯಿತು. ಮೈತುಂಬ ಗಾಜಿನಂಥ ತೆಳು ಫಿಲ್ಮ್ ಅಂಟಿಸಿದರು. ಅದರ ಮೇಲೆ ಪಾಲಿಶು, ಪಾಲಿಶಿನ ಮೇಲೆ ಮೆತ್ತನೆ ಬಟ್ಟೆ, ಅದರ ಮೇಲೆ ದಪ್ಪ ಕವರು. ಆ ಮೆತ್ತನೆ ಬಟ್ಟೆ ಯಾವುದೆಂದು ಕೇಳಿ. ಅಕ್ಕನ ಹಳೆಯ ನೂಲಿನ ಸೀರೆಗಳು! ಉಟ್ಟು ಉಟ್ಟು ಮೆತ್ತಗಾದ್ದರಿಂದ ಗೀಚುವುದಿಲ್ಲವಂತೆ. ಅಕ್ಕನ ಬಾಣಂತನಕ್ಕೆ ನಮ್ಮ ಅಮ್ಮ ಉಡಿಸಿದ್ದ ಬಿಳಿ ಅಂಚಿನ ಸೀರೆಯನ್ನು ನಾನು ಜೀಪಿನ ಹಿಂಬಾಗಿಲ ಮೇಲೆ ಗುರುತಿಸಿದೆ. ಅಕ್ಕನನ್ನು ಕೇಳಿದರೆ, "ಇರ್ಲಿ ಮಾರಾಯ್ತಿ, ಮೂಲೆಯಲ್ಲಿ ಬಿದ್ದಿತ್ತು" ಅಂದಳು.

ಒಳಗೆ ಕೂರುವವರಿಗೂ ಕಾಯಿದೆಗಳಿದ್ದವು. ಉಂಗುರ, ವಾಚು, ಬೆಲ್ಟು, ಜಿಪ್ ಇರುವ ಚೀಲ, ಬಳೆ, ಎಲ್ಲವನ್ನೂ ಬಿಚ್ಚಿ ಬಟ್ಟೆ ಚೀಲಕ್ಕೆ ಹಾಕಬೇಕು. ದೇವಸ್ಥಾನಕ್ಕೆ ಹೋಗುವಾಗಲೂ ನಾವು ಚಪ್ಪಲಿ ಮಾತ್ರ ಬಿಡುವುದು! ಬಾಗಿಲನ್ನು ಭಾವನೇ ತೆಗೆಯಬೇಕು. ಅಕ್ಕ ಮರೆತು ಕೈ ಹಾಕಿದರೆ, "ಉಗುರು! ಉಗುರು!" ಎಂದು ಸೊಸೈಟಿಗೆಲ್ಲ ಕೇಳುವಂತೆ ಕೂಗು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಳ್ಳುವುದನ್ನು ನಾನು ಎಷ್ಟು ಸಲ ಕಿಟಕಿಯಿಂದ ನೋಡಿದ್ದೇನೋ.

"ಅಲ್ಲ ಭಾವ, ಬೆಟ್ಟದಲ್ಲಿ ಮುಳ್ಳಿನ ಪೊದೆ ಸಿಕ್ಕಿದ್ರೆ ಅದಕ್ಕೂ ಉಗುರು ತೆಗೀಲಿಕ್ಕೆ ಹೇಳ್ತೀರಾ?" ಎಂದು ಕೇಳಿದೆ.

"ಅದಕ್ಕೇ ಅಲ್ವಾ ನಾನು ಹೋಗದ್ದು!" ಅಂದರು.

ಮಳೆಗಾಲದಲ್ಲಿ ಕೆಸರು, ಕೆಸರಿನಲ್ಲಿ ತುಕ್ಕು. ಬೇಸಿಗೆಯಲ್ಲಿ ಧೂಳು, ಧೂಳಿನಲ್ಲಿ ಗೀರು. ಚಳಿಗಾಲದಲ್ಲಿ ಹುಲ್ಲು ಒಣಗಿ ಚೂಪಾಗಿರುತ್ತದೆ. ದೇವರು ಇನ್ನೊಂದು ಕಾಲವನ್ನು ಮಾಡಬೇಕಿತ್ತು, ಭಾವನ ಜೀಪಿಗೋಸ್ಕರ. ಮೊಣಕಾಲಿನ ಚಿಕಿತ್ಸೆಗೆ ಪರೇಲಿನ ಆಸ್ಪತ್ರೆಗೆ ಅಕ್ಕ ಟ್ಯಾಕ್ಸಿಯಲ್ಲೇ ಹೋಗಿ ಬರುತ್ತಿದ್ದಳು. ಯಾಕೆಂದರೆ ಆಸ್ಪತ್ರೆಯ ಅಂಗಳದಲ್ಲಿ ಯಾರಾದರೂ ಗಾಲಿಕುರ್ಚಿ ತಂದು ತಗಲಿಸಿದರೆ! ಕಾಯಿಲೆಯವರ ಮೇಲೂ ಸಂಶಯ ನೋಡಿ.

ಗೀರಿಗಾದರೆ ಫಿಲ್ಮ್ ಇದೆ, ತುಕ್ಕಿಗೆ? ನಮ್ಮಲ್ಲಿಂದ ಸ್ವಲ್ಪ ಆಚೆ ವಡಾಲದ ಕಡೆ ಉಪ್ಪಿನಗದ್ದೆಗಳು, ಅದರಾಚೆ ಕಡಲಿನ ಹಿನ್ನೀರು. "ಗಾಳಿಯಲ್ಲೇ ಉಪ್ಪುಂಟು. ಕೆಳಗಿಂದ ತಿಂತದೆ" ಎಂದು ಭಾವ ಮೂಗರಳಿಸಿ ಗಾಳಿಯನ್ನು ಮೂಸುತ್ತಿದ್ದರು. ಗ್ಯಾರೇಜಿನವರು ಅಡಿಭಾಗಕ್ಕೆ ಹಚ್ಚುವ ಲೇಪದ ಮೇಲೆ ಅವರಿಗೆ ನಂಬಿಕೆಯಿಲ್ಲ. ನಂಬಿಕೆ ಇದ್ದದ್ದು ಮಲ್ಪೆಯ ದೋಣಿಗಳ ಮೇಲೆ. ನಮ್ಮ ಕಡೆ ದೋಣಿಗೆ ಗೇರೆಣ್ಣೆ ಹಚ್ಚುತ್ತಾರೆ, ಗೇರುಬೀಜದ ಸಿಪ್ಪೆಯಿಂದ ತೆಗೆದ ಕಪ್ಪು ಎಣ್ಣೆ. ಹಚ್ಚಿದ ಮರವನ್ನು ಉಪ್ಪುನೀರೂ ಮುಟ್ಟುವುದಿಲ್ಲ, ಹುಳವೂ ಮುಟ್ಟುವುದಿಲ್ಲ. ದೋಣಿ ಮರದ್ದು, ಜೀಪು ಕಬ್ಬಿಣದ್ದು ಎಂದು ನಾನು ಹೇಳಿ ನೋಡಿದೆ. "ಸಮುದ್ರದಲ್ಲಿ ನಿಂತದ್ದಕ್ಕೇ ಎಂತ ಆಗ್ಲಿಲ್ಲ, ಆಂಟಾಪ್ ಹಿಲ್‌ನಲ್ಲಿ ನಿಂತದ್ದಕ್ಕೆ ಆಗ್ತದಾ?" ಎಂದು ಊರಿಗೆ ಫೋನು ಮಾಡಿದರು. ಊರಿನ ಬಸ್ಸಿನಲ್ಲಿ ಒಂದು ಕ್ಯಾನು ಬಂತು. ಭಾವ ಲುಂಗಿ ಎತ್ತಿ ಕಟ್ಟಿ, ಜೀಪಿನಡಿ ಅಂಗಾತ ಮಲಗಿ, ಬ್ರಶ್ಶಿನಿಂದ ಇಡೀ ಹೊಟ್ಟೆಗೆ ಬಳಿದರು.

ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಏನಾಗುತ್ತದೆಂದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಭಾವನಿಗೂ ಗೊತ್ತು. ಆದರೆ ಜೀಪಿನಡಿ ಮಲಗಿದಾಗ ಹನಿ ಮೇಲಿನಿಂದ ಕೆಳಗೆ ಬೀಳುತ್ತದೆ ಎನ್ನುವುದು ಮರೆತುಹೋಗಿತ್ತು! ಮರುದಿನ ಮುಖ ಎಣ್ಣೆಯಲ್ಲಿ ಬಿಟ್ಟ ಗೋಳಿಬಜೆಯ ಹಾಗೆ ಉಬ್ಬಿತು, ಎರಡೂ ಕೈ ಬೊಬ್ಬೆ. ಅಕ್ಕ ಕೊಬ್ಬರಿ ಎಣ್ಣೆ ಹಚ್ಚಿದಳು, ಗಂಜಿ ಕಲಸಿ ಚಮಚದಲ್ಲಿ ಬಾಯಿಗಿಟ್ಟಳು. ಊದಿದ ತುಟಿಯೆಡೆಯಿಂದ ಭಾವ ಆಡಿದ ಮೊದಲ ಮಾತೇನು? "ಅಡಿಯಲ್ಲಿ ಒಣಗಿತಾ, ಒಮ್ಮೆ ನೋಡಿ ಬಾ." ಲಿಫ್ಟಿಲ್ಲದ ಬಿಲ್ಡಿಂಗು, ಎರಡನೇ ಮಹಡಿ. ಅಕ್ಕ ಆ ಮೊಣಕಾಲನ್ನು ಎಳೆದುಕೊಂಡು ಇಳಿದುಹೋಗಿ, ಬಗ್ಗಿ ನೋಡಿ, ಹತ್ತಿ ಬಂದು, "ಒಣಗ್ತಾ ಉಂಟು" ಅಂದಳು. ನನಗೆ ಆ ಕ್ಯಾನಿನಲ್ಲಿ ಉಳಿದಿದ್ದನ್ನು ಭಾವನ ತಲೆಗೇ ಸುರಿಯಬೇಕೆನಿಸಿತು.

ಅಷ್ಟು ಸೇವೆ ಮಾಡಿಸಿಕೊಂಡ ನಾಚಿಕೆಗೋ ಏನೋ, ಮುಖದ ಊತ ಇಳಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ, "ಹೊರಡು, ಮಾಲ್ಶೇಜಿಗೆ" ಅಂದರು. ಅಕ್ಕ ಚಕ್ಕುಲಿ ಡಬ್ಬಿ ಹಿಡಿದು, ಬಳೆ ಬಿಚ್ಚಿಟ್ಟು, ಹೊಸ ಸೀರೆಯುಟ್ಟು ಕೂತಳು. ನಾನು ಹಿಂದಿನ ಸೀಟಿನಲ್ಲಿ. ಸಾಯನ್ ಬರುವಷ್ಟರಲ್ಲಿ ಹೊಗೆ ಕೊಳವೆ ಕಾದಿತು. ಭಾವ ಅದಕ್ಕೂ ಧಾರಾಳವಾಗಿ ಗೇರೆಣ್ಣೆ ಬಳಿದಿದ್ದರು! ಅಡಿಯಿಂದ ಕರಿ ಹೊಗೆ, ಕಣ್ಣುರಿ, ಕೆಮ್ಮು. ಸಿಗ್ನಲಿನಲ್ಲಿ ಪಕ್ಕಕ್ಕೆ ನಿಂತ ಟ್ಯಾಕ್ಸಿಯವನು ಮೂಗು ಮುಚ್ಚಿಕೊಂಡು ಕೇಳಿದ: "ಕ್ಯಾ ಚಾಚಾ, ಕಾಜೂ ಭೂನ್ ರಹೇ ಹೋ ಕ್ಯಾ?"

ಗೇರುಬೀಜ ಹುರಿಯುತ್ತಲೇ ನಾವು ವಾಪಸು ಬಂದೆವು. ಭಾವ ಜೀಪಿನಡಿ ಹೋದರು. ಅಕ್ಕ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿ, ನನಗೊಂದು ಚಕ್ಕುಲಿ ಕೊಟ್ಟು, "ಮುಂದಿನ ಮಳೆಗೆ ಹೋಗುವ" ಅಂದಳು. ಅವಳಿಗೆ ಸಿಟ್ಟೇ ಬರುವುದಿಲ್ಲ. ಅವಳ ಪಾಲಿನದ್ದೂ ನನಗೇ ಬರುತ್ತದೆ.

ಮುಂದಿನ ಮಳೆಯ ಹೊತ್ತಿಗೆ ಅವಳ ಕಾಲು ಜೀಪಿನ ಎತ್ತರಕ್ಕೆ ಏಳದಾಯಿತು. ಕಾಲಿಡಲು ಒಂದು ಮೆಟ್ಟಿಲು, ಹಿಡಿಯಲು ಒಂದು ಕಂಬಿ ಹಾಕಿಸಿ ಎಂದು ಗ್ಯಾರೇಜಿನವನು ಹೇಳಿದ. ಆದರೆ ಅದಕ್ಕೆ ಬಾಡಿಯಲ್ಲಿ ತೂತು ಕೊರೆಯಬೇಕು. ತೂತು! ತುಕ್ಕಿಗೆ ಕೆಂಪು ಹಾಸುಗಂಬಳಿ ಹಾಸಿ ಕರೆದ ಹಾಗೆ! ಭಾವ ತಾವೇ ಉಪಾಯ ಹುಡುಕಿದರು. ಒಂದು ಪ್ಲಾಸ್ಟಿಕ್ ಸ್ಟೂಲು. ಅದು ಜೀಪಿಗೆ ತಗಲಿ ಗೀರಾಗದಂತೆ ಅಂಚಿಗೆಲ್ಲ ಬಟ್ಟೆ ಸುತ್ತಿ, ನಾಲ್ಕೂ ಕಾಲಿಗೆ ತಮ್ಮ ಉಣ್ಣೆಯ ಕಾಲ್ಚೀಲ ತೊಡಿಸಿದರು. ಸ್ಟೂಲಿಗೆ ಕಾಲ್ಚೀಲ ನೋಡಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕನೂ ನಕ್ಕಳು.

ನಕ್ಕು ಅದರ ಮೇಲೆ ಕಾಲಿಟ್ಟಳು. ಅಂಗಳದ ಟೈಲ್ಸು ಮಳೆಗೆ ಒದ್ದೆಯಾಗಿತ್ತು. ಕಾಲ್ಚೀಲದ ಸ್ಟೂಲು ಜರ್ರನೆ ಜಾರಿತು. ಜೀಪಿನ ಬಾಗಿಲು ತೆರೆದೇ ಇತ್ತು, ಅವಳ ಕೈಗೆಟುಕುವಲ್ಲೇ ಇತ್ತು. ಅವಳು ಅದನ್ನು ಹಿಡಿಯಲಿಲ್ಲ. ನಾನು ಕಣ್ಣಾರೆ ನೋಡಿದೆ, ಎರಡೂ ಕೈಯನ್ನು ಬಾಗಿಲಿಂದ ದೂರಕ್ಕೆ ಎಳೆದುಕೊಂಡು ಹಾಗೆಯೇ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದವಳನ್ನು ಕೇಳಿದೆ. "ಬಾಗಿಲು ಹಿಡ್ಕೊಳ್ಬಹುದಿತ್ತಲ್ಲ ಅಕ್ಕ, ಯಾಕೆ ಬಿಟ್ಟೆ?"

"ಬಳೆ ಬಿಚ್ಚಲಿಕ್ಕೆ ಮರ್ತಿದ್ದೆ ಮಾರಾಯ್ತಿ. ಹಿಡ್ದಿದ್ರೆ ಗೀರು ಬೀಳ್ತಿತ್ತು."

ಭಾವ ಮಂಚದ ಕಾಲ ಬಳಿ ನಿಂತಿದ್ದರು. ಅವರಿಗೆ ಕೊಡಲು ನಾನು ವರ್ಷಗಟ್ಟಲೆ ಕೂಡಿಟ್ಟ ಬೈಗುಳಗಳಿದ್ದವು. ಬಾಯಿ ತೆರೆದು ಅವರ ಮುಖ ನೋಡಿದೆ, ಮುಚ್ಚಿಕೊಂಡೆ.

ನಾನು ಅವರೊಡನೆ ಮಾತು ಬಿಟ್ಟೆ. ಪ್ಲಾಸ್ಟರು ಬಿಚ್ಚಿದ ವಾರ ಅವರೇ ಬಂದು, "ಗ್ಯಾರೇಜಿಗೆ ಹೋಗ್ಲಿಕ್ಕುಂಟು, ಬರ್ತೀಯಾ? ಅವಳ ಎತ್ತರ ನಿನ್ನದೇ ಅಲ್ವಾ" ಅಂದರು. ಬೈಯಲು ಅವಕಾಶ ಸಿಕ್ಕೀತೆಂದು ಹೋದೆ. ನನ್ನನ್ನು ಜೀಪಿನ ಪಕ್ಕ ನಿಲ್ಲಿಸಿ, ಕಾಲೆತ್ತಿಸಿ, ಕೈಯೆತ್ತಿಸಿ, ಫಿಲ್ಮಿನ ಮೇಲೆ ಮೆಟ್ಟಿಲಿಗೂ ಕಂಬಿಗೂ ಗುರುತು ಹಾಕಿದರು. ಗ್ಯಾರೇಜಿನವನು ಡ್ರಿಲ್ ಹಿಡಿದು ಹಿಂಜರಿದ. "ಅಂಕಲ್, ಹೋಲ್ ಕರೂಂಗಾ ತೋ ಜಂಗ್ ಲಗೇಗಾ. ಬಾದ್ ಮೇ ಮತ್ ಬೋಲ್ನಾ." ತೂತು ಕೊರೆದರೆ ಜಂಗ್, ಎಂದರೆ ತುಕ್ಕು, ಹಿಡಿಯುತ್ತದೆ, ಆಮೇಲೆ ದೂರಬೇಡಿ ಎಂದು. ಆ ಶಬ್ದ ಕೇಳಿದರೇ ನಿದ್ದೆಗೆಡುತ್ತಿದ್ದ ಮನುಷ್ಯ ಹೇಳಿದರು: "ಲಗ್ನೇ ದೋ. ಉಸ್ಕೋ ಚಡ್ನಾ ಹೈ." ಹಿಡಿದರೆ ಹಿಡಿಯಲಿ, ಅವಳು ಹತ್ತಬೇಕು ಎಂದು.

ಶ್ರಾವಣದ ಮಳೆಯಲ್ಲಿ ಹೊರಟೆವು. ಅಕ್ಕ ಕಂಬಿ ಹಿಡಿದು, ಮೆಟ್ಟಿಲ ಮೇಲೆ ಕಾಲಿಟ್ಟು, ತಾನೇ ಹತ್ತಿದಳು. ಈ ಪ್ರಯಾಣಕ್ಕೆ ಅವಳದೊಂದು ಮೂಳೆ ಮುರಿಯಬೇಕಾಯಿತು, ಅದನ್ನು ನಾನು ಮರೆಯುವುದಿಲ್ಲ. ಆ ಕೈ ಇನ್ನೂ ಸರಿಯಾಗಿ ಮಡಚುವುದಿಲ್ಲ. ಹಿಂದಿನ ಸೀಟಿನಲ್ಲಿ ಮುಖ ಬಿಗಿದುಕೊಂಡೇ ಕೂತಿದ್ದೆ.

ಘಾಟಿನಲ್ಲಿ ಮೋಡ ರಸ್ತೆಗೇ ಇಳಿದಿತ್ತು. ನೀರು ಬೀಳುವ ಬಂಡೆ ರಸ್ತೆಯಿಂದ ಕೆಳಗೆ, ಕಲ್ಲುಗಳ ಆಚೆ. ಜನ ಇಳಿದು ನಡೆದುಹೋಗುತ್ತಿದ್ದರು. ಅಕ್ಕ ಆ ಕಲ್ಲುಗಳನ್ನು ನೋಡಿದಳು, ತನ್ನ ಕಾಲು ನೋಡಿಕೊಂಡಳು. "ಇಲ್ಲಿಂದ ಕಾಣ್ತದಲ್ಲ, ಸಾಕು" ಅಂದಳು.

ಭಾವ ಗೇರ್ ಕೋಲಿನ ಪಕ್ಕದ, ನಾಲ್ಕೂ ಚಕ್ರಕ್ಕೆ ಬಲ ಕೊಡುವ ಸಣ್ಣ ಹಿಡಿಕೆಯನ್ನು ಮೊದಲ ಬಾರಿಗೆ ಎಳೆದರು, ಜೀಪನ್ನು ರಸ್ತೆಯಿಂದ ಕೆಳಗಿಳಿಸಿದರು. ಅಡಿಯಲ್ಲಿ ಕಲ್ಲು ಕರಕರ ಉಜ್ಜಿತು. ಎರಡೂ ಬದಿಗೆ ಮುಳ್ಳುಪೊದೆ ಉದ್ದಕ್ಕೂ ಗೀಚಿಕೊಂಡು ಬಂತು, ಆ ಸದ್ದಿಗೆ ನನಗೇ ಹಲ್ಲು ಜುಮ್ಮೆಂದಿತು. ಭಾವ ಇಳಿದು ನೋಡಲಿಲ್ಲ. ಅಕ್ಕನ ಕಿಟಕಿ ನೀರಿನಡಿ ಬರುವಂತೆ ನಿಲ್ಲಿಸಿ, ಗಾಜು ಇಳಿಸಿ, "ಕೈ ಹಾಕು" ಅಂದರು.

ಅಕ್ಕ ಎಡಗೈಯನ್ನೇ ಹೊರಗೆ ಚಾಚಿದಳು. ನೀರು ಸೀರೆಗೆ, ಸೀಟಿಗೆ, ಮುಖಕ್ಕೆಲ್ಲ ಹಾರಿತು. ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದವಳು ಒಮ್ಮೆಲೇ ಗಾಬರಿಯಾದಳು. "ಇವ್ರೇ, ಜೀಪೆಲ್ಲ ಗೀರಾಯ್ತು!"

"ನೀರು ತಣ್ಣಗುಂಟಾ?" ಎಂದು ಕೇಳಿದರು ಭಾವ.

"ತುಂಬ ತಣ್ಣಗುಂಟು."

ಭಾವ ಅವಳ ಮೇಲಿಂದ ಬಗ್ಗಿ, ತಾವೂ ಕೈ ಹೊರಗೆ ಹಾಕಿ, ಅವಳ ಸೊಟ್ಟಾದ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡರು. ನೀರಿನ ರಭಸಕ್ಕೆ ಅದು ನೋಯಬಾರದಲ್ಲ.